ಉಡುಗೊರೆ ಕೊಳ್ಳುವ ಮೊದಲು ಸೈಕಲ್ಲಿನ ನಾಲ್ಕು ಫೋಟೊ ತನ್ನಿ

ಹುತ್ತರಿಗೆ ಇನ್ನು ಹತ್ತು ದಿನ ಇತ್ತು. ಸಂಜೆ ಅಂಗಡಿ ಬಾಗಿಲು ಎಳೆಯುವ ಹೊತ್ತಿಗೆ ಒಬ್ಬ ಹುಡುಗಿ ಬಂದಳು. ಬೆಂಗಳೂರಿನಲ್ಲಿ ಕೆಲಸ, ಹಬ್ಬಕ್ಕೆ ಅಂತ ಮೂರ್ನಾಡು ಹತ್ತಿರದ ಮನೆಗೆ ಬಂದಿದ್ದಳು. ಅಪ್ಪನಿಗೆ ಅರವತ್ತು ದಾಟಿದೆ. ಐದು ವರ್ಷದಿಂದ ರೋಡ್ ಬೈಕ್, ಅಂದರೆ ಟಾರು ರಸ್ತೆಯ ಗೇರ್ ಸೈಕಲ್, ಓಡಿಸುತ್ತಾರೆ. "ಅಪ್ಪನ ಸೈಕಲ್ಲಿಗೆ ಏನಾದರೂ ಕೊಡಬೇಕು ಅಂತ ಆಸೆ. ಏನು ಕೊಡಲಿ ಅಂತಾನೇ ಗೊತ್ತಾಗ್ತಿಲ್ಲ" ಅಂದಳು. ಫೋನಿನಲ್ಲಿ ಆಗಲೇ ಒಂದು ಸೀಟು, ಒಂದು ಹ್ಯಾಂಡಲ್ ಬ್ಯಾಗು, ಸೈಕಲ್ ಚಿತ್ರ ಇರುವ ಒಂದು ಕಾಫಿ ಮಗ್ಗು ಆರಿಸಿ ಇಟ್ಟಿದ್ದಳು.

ನವೆಂಬರ್ ಕೊನೆಯಿಂದ ಹೊಸ ವರ್ಷದವರೆಗೆ ಈ ಪ್ರಶ್ನೆ ನನಗೆ ವಾರಕ್ಕೆ ನಾಲ್ಕೈದು ಸಲವಾದರೂ ಬರುತ್ತದೆ. ಹುತ್ತರಿ, ಕ್ರಿಸ್‌ಮಸ್, ಹೊಸ ವರ್ಷ ಎಲ್ಲ ಒಂದರ ಬೆನ್ನಿಗೆ ಒಂದು. ಹೊರಗೆ ಓದಲು, ದುಡಿಯಲು ಹೋದ ಮಕ್ಕಳು ಊರಿಗೆ ಬರುತ್ತಾರೆ. ಮಳೆ ನಿಂತಿರುತ್ತದೆ, ರಸ್ತೆ ಒಣಗಿರುತ್ತದೆ. ಕೊಡಗಿನಲ್ಲಿ ಸೈಕಲ್ ತುಳಿಯಲು ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಮಡಿಕೇರಿಯಲ್ಲಿ ಸೈಕಲ್ ರಿಪೇರಿ ಮಾಡುತ್ತಾ ನನಗೆ ಹದಿನಾರು ವರ್ಷ ಆಯಿತು. ಪ್ರತಿ ಜನವರಿಯಲ್ಲೂ ಪ್ಯಾಕೆಟ್ ಒಡೆಯದ ಉಡುಗೊರೆಗಳು ನನ್ನ ಮೇಜಿಗೆ ಬರುತ್ತವೆ. "ಇದು ನಮ್ಮ ಸೈಕಲ್ಲಿಗೆ ಆಗುತ್ತಾ ನೋಡಿ" ಅಂತ. ಬಹಳಷ್ಟು ಆಗುವುದಿಲ್ಲ. ಪ್ರೀತಿಯಿಂದ ದುಡ್ಡು ಹಾಕಿ ತಂದ ಸಾಮಾನು ಬೀರುವಿನ ಮೂಲೆ ಸೇರುವುದು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಅದಕ್ಕೇ ಅವಳಿಗೆ ಹೇಳಿದೆ: ಇವತ್ತು ಏನೂ ಕೊಳ್ಳಬೇಡ. ಮನೆಗೆ ಹೋಗು. ಅಪ್ಪ ತೋಟದ ಕಡೆ ಹೋದಾಗ ಸೈಕಲ್ಲಿನ ನಾಲ್ಕು ಫೋಟೊ ತೆಗಿ. ಟೈರಿನ ಪಕ್ಕದಲ್ಲಿರುವ ಅಕ್ಷರ, ಬ್ರೇಕು, ಹಿಂದಿನ ಗೇರು, ಪೆಡಲ್ಲು. ಮರುದಿನ ಬೆಳಿಗ್ಗೆಯೇ ತಂದಳು. ಇಬ್ಬರೂ ಕೂತು ಓದಿದೆವು.

ಮೊದಲು ಟೈರು. ಅದರ ಪಕ್ಕೆಯಲ್ಲಿ ಉಬ್ಬು ಅಕ್ಷರಗಳಿರುತ್ತವೆ. ಅವಳ ಫೋಟೊದಲ್ಲಿ 700×25ಸಿ ಅಂತ ಇತ್ತು. 700 ಅನ್ನುವುದು ಚಕ್ರದ ಗಾತ್ರ. 25 ಅನ್ನುವುದು ಟೈರಿನ ಅಗಲ, ಮಿಲಿಮೀಟರ್ ಲೆಕ್ಕ. ಪಕ್ಕದಲ್ಲೇ 25-622 ಅಂತಲೂ ಇತ್ತು. 622 ಎಂದರೆ ರಿಮ್ಮಿನಲ್ಲಿ ಟೈರ್ ಕೂರುವ ಜಾಗದ ವ್ಯಾಸ. ಟೈರ್ ಆಗಲಿ ಟ್ಯೂಬ್ ಆಗಲಿ ಕೊಡಬೇಕು ಅಂತ ಇದ್ದರೆ ಈ ಒಂದು ಸಾಲು ಬರೆದುಕೊಂಡು ಬನ್ನಿ, ಅರ್ಧ ಕೆಲಸ ಮುಗಿಯಿತು.

ಹಿಂದೆ ರೋಡ್ ಬೈಕ್ ಅಂದರೆ 23 ಎಂಎಂ ಟೈರು, ಕಲ್ಲಿನ ಹಾಗೆ ಗಾಳಿ. ಈಗ 28, 30, 32ರ ಟೈರುಗಳೇ ಜಾಸ್ತಿ. ಗಟ್ಟಿ ಟೈರು ನುಣುಪು ರಸ್ತೆಯಲ್ಲಿ ಚೆನ್ನಾಗಿ ಓಡುತ್ತದೆ. ತೇಪೆ ಹಾಕಿದ ರಸ್ತೆಯಲ್ಲಿ ಕುಪ್ಪಳಿಸುತ್ತದೆ. ಆ ಕುಪ್ಪಳಿಕೆಯಲ್ಲಿ ಸವಾರನ ಶಕ್ತಿಯೂ ಹೋಗುತ್ತದೆ, ಸೊಂಟವೂ ಹೋಗುತ್ತದೆ. ಅಗಲ ಟೈರಿಗೆ ಕಡಿಮೆ ಗಾಳಿ ಸಾಕು. ಎಪ್ಪತ್ತು ಕೆಜಿ ತೂಕದವರಿಗೆ 28ರ ಟೈರಿನಲ್ಲಿ ಗಾಳಿಯ ಒತ್ತಡ 70 ಪಿಎಸ್‌ಐ ಸುತ್ತಮುತ್ತ ಇಟ್ಟರೆ ನಮ್ಮ ರಸ್ತೆಗೆ ಹೇಳಿ ಮಾಡಿಸಿದ ಹಾಗೆ ಇರುತ್ತದೆ. ಈಗಂತೂ ಕಾಫಿ ಕೊಯ್ಲಿನ ಕಾಲ. ತೋಟದ ಒಳದಾರಿಯಿಂದ ಜೀಪು, ಪಿಕಪ್ಪು, ಟ್ರ್ಯಾಕ್ಟರ್ ಬರುವ ಕಡೆಯೆಲ್ಲ ಟಾರಿನ ಮೇಲೆ ಕೆಂಪು ಮಣ್ಣು, ಜಲ್ಲಿ ಬಿದ್ದಿರುತ್ತದೆ. ಬೆಳಗಿನ ಇಬ್ಬನಿಗೆ ಆ ಮಣ್ಣು ಜಾರುತ್ತದೆ. ಅಲ್ಲಿ ಅಗಲ ಟೈರು ಇದ್ದರೆ ಹಿಡಿತ ಸಿಗುತ್ತದೆ.

ಆದರೆ ಎಲ್ಲ ಸೈಕಲ್ಲಿಗೂ 28 ಹಿಡಿಸುವುದಿಲ್ಲ. ಪ್ಯಾಡು ರಿಮ್ಮನ್ನೇ ಒತ್ತಿ ಹಿಡಿಯುವ ಹಳೆಯ ರಿಮ್ ಬ್ರೇಕ್ ಸೈಕಲ್ಲುಗಳಲ್ಲಿ ಜಾಗ ಕಡಿಮೆ. ಮನೆಯಲ್ಲಿ ಅಲೆನ್ ಕೀ ಇರುತ್ತಲ್ವಾ, ಅದರಲ್ಲೇ ನೋಡಬಹುದು. ಈಗಿರುವ 25ರ ಟೈರಿಗೂ ಫ್ರೇಮಿಗೂ ನಡುವೆ ಪಕ್ಕದಲ್ಲಿ 6 ಎಂಎಂ ಕೀ, ಮೇಲೆ ಬ್ರೇಕಿನ ಕೆಳಗೆ 8 ಎಂಎಂ ಕೀ ಸಲೀಸಾಗಿ ನುಸುಳಬೇಕು. ಹಾಗಿದ್ದರೆ 28 ಹಾಕಿದ ಮೇಲೂ 4 ಎಂಎಂಗಿಂತ ಜಾಸ್ತಿ ಜಾಗ ಉಳಿಯುತ್ತದೆ. ಇಲ್ಲದಿದ್ದರೆ 25ರಲ್ಲೇ ಒಳ್ಳೆ ಟೈರು ಕೊಡಿ.

ಟ್ಯೂಬಿನ ವಿಷಯ ನನಗೆ ಸ್ವಲ್ಪ ಹತ್ತಿರದ್ದು. ಕೆಲವು ವರ್ಷದ ಹಿಂದೆ ಭಾಗಮಂಡಲದಿಂದ ಕರಿಕೆ ಕಡೆ ಇಳಿಯುವಾಗ ಸಂಜೆ ಐದರ ಹೊತ್ತಿಗೆ ಪಂಕ್ಚರ್ ಆಯಿತು. ಬ್ಯಾಗಿನಲ್ಲಿ ಗೆಳೆಯ ಕೊಟ್ಟ ಹೊಸ ಟ್ಯೂಬ್ ಇತ್ತು. ಟೈರ್ ಬಿಚ್ಚಿ, ಟ್ಯೂಬ್ ಕೂರಿಸಿದೆ. ನೋಡಿದರೆ ವಾಲ್ವಿನ ಮೂತಿ ರಿಮ್ಮಿನಿಂದ ಹೊರಗೆ ಬರಲೇ ಇಲ್ಲ. ನನ್ನ ರಿಮ್ಮಿನ ಆಳ 50 ಎಂಎಂ, ಟ್ಯೂಬಿನ ವಾಲ್ವ್ 48 ಎಂಎಂ. ಪಂಪ್ ಹಚ್ಚಲು ಏನೂ ಸಿಗುವುದಿಲ್ಲ. ಆ ದಾರಿಯಲ್ಲಿ ಕಾಡು ಬಿಟ್ಟರೆ ಬೇರೇನಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಸೈಕಲ್ ಹೆಗಲಿಗೆ ಹಾಕಿಕೊಂಡು ಕತ್ತಲಾಗುವವರೆಗೆ ನಡೆದೆ. ಕೊನೆಗೆ ಬಾಳೆಗೊನೆ ತುಂಬಿಕೊಂಡು ಬರುತ್ತಿದ್ದ ಪಿಕಪ್ಪಿನವರು ಹತ್ತಿಸಿಕೊಂಡರು. ಅಂದಿನಿಂದ ಟ್ಯೂಬ್ ಕೇಳಿ ಬಂದವರಿಗೆಲ್ಲ ರಿಮ್ಮಿನ ಆಳ ಎಷ್ಟು ಅಂತ ಕೇಳದೆ ಕೊಡುವುದಿಲ್ಲ. ಆಳ ಕಡಿಮೆ ಇರುವ ಮಾಮೂಲಿ ರಿಮ್ಮಿಗೆ 48 ಸಾಕು. ಆಳದ ರಿಮ್ಮಿಗೆ ವಾಲ್ವು ರಿಮ್ಮಿಗಿಂತ 20 ಎಂಎಂ ಆದರೂ ಉದ್ದ ಇರಲಿ. ರೋಡ್ ಬೈಕಿನ ವಾಲ್ವು ಸಾಮಾನ್ಯವಾಗಿ ಸಪೂರ, ಅದನ್ನು ಪ್ರೆಸ್ಟಾ ಅನ್ನುತ್ತಾರೆ. ಮೋಟರ್ ಬೈಕಿನದ್ದು ದಪ್ಪ, ಶ್ರೇಡರ್. ಎರಡೂ ಬೇರೆ.

ಈಚೆಗೆ ಟಿಪಿಯು ಅನ್ನುವ ತೆಳು ಪ್ಲಾಸ್ಟಿಕ್ಕಿನ ಟ್ಯೂಬ್ ಬಂದಿದೆ. ಕಪ್ಪು ರಬ್ಬರಿನ ಟ್ಯೂಬು ನೂರು ಗ್ರಾಂ ತೂಗಿದರೆ ಇದು ನಲವತ್ತರ ಆಸುಪಾಸು. ಮಡಚಿದರೆ ಬೆಂಕಿಪೆಟ್ಟಿಗೆಯಷ್ಟೇ ಜಾಗ. ಸೀಟಿನ ಕೆಳಗಿನ ಚೀಲದಲ್ಲಿ ಎರಡು ಇಟ್ಟುಕೊಳ್ಳಬಹುದು. ಚಿಕ್ಕ ಉಡುಗೊರೆ, ತುಂಬ ದಿನ ನೆನಪಿರುತ್ತದೆ.

ಟೈರಿನ ಮಾತು ಮುಗಿಸುವ ಮುಂಚೆ ಒಂದು. ಆ ಮನೆಯಲ್ಲಿ ಗಾಳಿ ಎಷ್ಟಿದೆ ಅಂತ ತೋರಿಸುವ ಮೀಟರ್ ಇರುವ, ನೆಲದ ಮೇಲೆ ನಿಲ್ಲಿಸಿ ಹೊಡೆಯುವ ಪಂಪ್ ಇಲ್ಲದಿದ್ದರೆ ಬೇರೆ ಯಾವುದನ್ನೂ ಯೋಚಿಸಬೇಡಿ, ಅದನ್ನೇ ಕೊಡಿ. ಹೆಬ್ಬೆರಳಲ್ಲಿ ಒತ್ತಿ ನೋಡಿ "ಗಾಳಿ ಇದೆ" ಅನ್ನುವವರೇ ಜಾಸ್ತಿ. 50 ಪಿಎಸ್‌ಐಗೂ 80ಕ್ಕೂ ವ್ಯತ್ಯಾಸ ಬೆರಳಿಗೆ ತಿಳಿಯುವುದಿಲ್ಲ. ಗಾಳಿ ಕಡಿಮೆ ಇದ್ದು ಗುಂಡಿಗೆ ಬಿದ್ದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿಕೊಂಡು ಜೋಡಿ ತೂತು ಬೀಳುತ್ತದೆ. ಹಾವು ಕಚ್ಚಿದ ಹಾಗೆ ಎರಡು ಗುರುತು. ನನ್ನಲ್ಲಿಗೆ ಬರುವ ಪಂಕ್ಚರ್‌ಗಳಲ್ಲಿ ಮುಳ್ಳಿನಷ್ಟೇ ಇದೂ ಇರುತ್ತದೆ.

ಎರಡನೇ ಫೋಟೊ ಬ್ರೇಕಿನದ್ದು. ಅದನ್ನು ದೊಡ್ಡದು ಮಾಡಿ ನೋಡಿದಾಗ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ರಿಮ್ ಬ್ರೇಕಿನ ಪ್ಯಾಡಿನ ಮೇಲೆ ಅಡ್ಡಗೆರೆಗಳ ಥರ ಕಾಲುವೆ ಇರುತ್ತವೆ. ಹೊಸದರಲ್ಲಿ ಅವು ಆಳ. ಸವೆಯುತ್ತಾ ಬಂದ ಹಾಗೆ ಕಡಿಮೆಯಾಗುತ್ತವೆ. ಅವು ಮಾಯವಾದರೆ ಪ್ಯಾಡಿನ ಆಯಸ್ಸು ಮುಗಿಯಿತು ಅಂತ ಅರ್ಥ. ಅವಳ ಅಪ್ಪನ ಹಿಂದಿನ ಪ್ಯಾಡಿನಲ್ಲಿ ಒಂದು ಕಾಲುವೆಯೂ ಉಳಿದಿರಲಿಲ್ಲ. ರಬ್ಬರಿನ ಒಳಗೆ ಮಿನುಗುವ ಚುಕ್ಕೆಗಳಿದ್ದವು. ಅದು ಅಲ್ಯೂಮಿನಿಯಂ ಚೂರು. ಒದ್ದೆ ರಸ್ತೆಯ ಮರಳು ಪ್ಯಾಡಿಗೂ ರಿಮ್ಮಿಗೂ ನಡುವೆ ಸಿಕ್ಕಿ ರಿಮ್ಮನ್ನೇ ಕೆರೆಯುತ್ತದೆ. ಕೆರೆದ ಚೂರು ರಬ್ಬರಿನಲ್ಲಿ ನೆಡುತ್ತದೆ. ಆಮೇಲೆ ಆ ಚೂರು ಇನ್ನಷ್ಟು ಕೆರೆಯುತ್ತದೆ. ಬ್ರೇಕ್ ಹಿಡಿದಾಗ ಕರ್‌ ಅಂತ ಸದ್ದು ಬರುತ್ತಲ್ಲ, ಅದು ಇದೇ. ವಾರಕ್ಕೊಮ್ಮೆ ದಬ್ಬಳದ ತುದಿಯಿಂದ ಆ ಚೂರು ಕಿತ್ತರೆ ರಿಮ್ಮು ಎಷ್ಟೋ ದಿನ ಜಾಸ್ತಿ ಬಾಳುತ್ತದೆ.

ಬಯಲು ಸೀಮೆಯಲ್ಲಿ ಪ್ಯಾಡು ವರ್ಷಗಟ್ಟಲೆ ಬಂದರೂ ಬಂದೀತು. ನಮ್ಮಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿಂದ ಕಾಟಕೇರಿ, ಮದೆನಾಡು, ಜೋಡುಪಾಲ, ಕೊಯಿನಾಡು ದಾಟಿ ಸಂಪಾಜೆಗೆ ಮೂವತ್ತು ಕಿಲೋಮೀಟರಿನೊಳಗೆ ಇಳಿದುಬಿಡುತ್ತೇವೆ. ತಿರುವಿನ ಮೇಲೆ ತಿರುವು. ಎದುರಿಗೆ ಮಂಗಳೂರು ಬಸ್ಸು, ಹಿಂದೆ ಲಾರಿ. ವಿರಾಜಪೇಟೆಯಿಂದ ಮಾಕುಟ್ಟ ಕಡೆಗೂ ಹಾಗೇ. ಸವಾರನ ಜೀವ ನಾಲ್ಕು ರಬ್ಬರ್ ತುಂಡಿನ ಮೇಲೆ ನಿಂತಿರುತ್ತದೆ. ಒಂದು ಜೊತೆ ಒಳ್ಳೆ ಪ್ಯಾಡು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹಬ್ಬದ ಉಡುಗೊರೆಯಾಗಿ ಬ್ರೇಕ್ ಪ್ಯಾಡ್ ಕೊಡಲು ಜನ ಸಂಕೋಚ ಪಡುತ್ತಾರೆ. ನನ್ನ ಮನೆಯವರಿಗೆ ನಾನು ಮೊದಲು ಕೊಡುವುದೇ ಅದನ್ನು.

ಕೊಳ್ಳುವಾಗ ರಿಮ್ಮು ಯಾವುದು ನೋಡಿ. ಕಾರ್ಬನ್ ರಿಮ್ಮಿಗೆ ಅದಕ್ಕೆಂದೇ ಮಾಡಿದ ಪ್ಯಾಡೇ ಬೇಕು. ಘಾಟಿ ಉದ್ದಕ್ಕೂ ಬ್ರೇಕ್ ಒತ್ತಿ ಹಿಡಿದರೆ ಕಾರ್ಬನ್ ರಿಮ್ಮು ಬಿಸಿಯೇರಿ ಹಾಳಾಗುವುದುಂಟು, ಟ್ಯೂಬ್ ಸಿಡಿಯುವುದೂ ಉಂಟು. ತಿರುವಿಗೆ ಮುಂಚೆ ಗಟ್ಟಿಯಾಗಿ ಒಂದು ಸಲ ಹಿಡಿದು, ಬಿಟ್ಟು, ಚಕ್ರಕ್ಕೆ ಗಾಳಿ ತಾಗಲು ಬಿಡಬೇಕು. ಡಿಸ್ಕ್ ಬ್ರೇಕ್ ಆದರೆ ಪ್ಯಾಡಿನ ಆಕಾರ ಅದನ್ನು ಹಿಡಿದಿರುವ ಕ್ಯಾಲಿಪರ್‌ಗೆ ತಕ್ಕ ಹಾಗೆ ಬೇರೆ ಬೇರೆ. ಮಾಡೆಲ್ ನಂಬರಿನ ಫೋಟೊ ಬೇಕೇ ಬೇಕು. ರೆಸಿನ್ ಪ್ಯಾಡು ಸದ್ದಿಲ್ಲದೆ ಹಿಡಿಯುತ್ತದೆ. ಮೆಟಲ್ ಪ್ಯಾಡು ಮಳೆ, ಕೆಸರಿನಲ್ಲಿ ಜಾಸ್ತಿ ದಿನ ಬರುತ್ತದೆ, ಆದರೆ ಕೆಲವು ಡಿಸ್ಕಿನ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಕೊರೆದಿರುತ್ತಾರೆ. ಅದನ್ನು ಮೀರಬಾರದು. ಶಿಮಾನೊ ಕಂಪನಿಯ ಡಿಸ್ಕ್ ಪ್ಯಾಡಿನಲ್ಲಿ ಸವೆಯುವ ಭಾಗ 0.5 ಎಂಎಂಗೆ ಇಳಿದರೆ ಬದಲಿಸಲೇಬೇಕು.

ಮೂರನೇ ಫೋಟೊ ಹಿಂದಿನ ಗೇರಿನದ್ದು. ನಮ್ಮ ಕತೆಗೆ ತಿರುವು ಸಿಕ್ಕಿದ್ದು ಅಲ್ಲೇ.

ಮಾತಿನ ನಡುವೆ ಅವಳು ಒಂದು ವಿಷಯ ಹೇಳಿದ್ದಳು. ಅಪ್ಪ ಮೊದಲು ತಿಂಗಳಿಗೊಂದು ಭಾನುವಾರ ತಲಕಾವೇರಿಗೆ ಹೋಗುತ್ತಿದ್ದರು. ಈ ವರ್ಷ ಭಾಗಮಂಡಲದಲ್ಲಿ ಸಂಗಮ ನೋಡಿ, ಕಾಫಿ ಕುಡಿದು ವಾಪಸ್ ಬಂದುಬಿಡುತ್ತಾರೆ. ಕೇಳಿದರೆ "ಮೊಣಕಾಲು ಬಿಡಲ್ಲ" ಅನ್ನುತ್ತಾರೆ. ಭಾಗಮಂಡಲದಿಂದ ತಲಕಾವೇರಿಗೆ 8 ಕಿಲೋಮೀಟರು. ಉದ್ದಕ್ಕೂ ಏರು. ಎಂಟೂ ಕಿಲೋಮೀಟರ್ ಕಾಲು ಕೇಳುವ ದಾರಿ ಅದು.

ಫೋಟೊದಲ್ಲಿ ಹಿಂದಿನ ದೊಡ್ಡ ಹಲ್ಲಿನ ಚಕ್ರದ ಮೇಲೆ 28 ಅಂತ ಕೊರೆದಿತ್ತು, ಅಂದರೆ 28 ಹಲ್ಲು. ಮುಂದೆ 50 ಮತ್ತು 34. ಹನ್ನೊಂದು ಸ್ಪೀಡು, ಹಿಂದೆ ಒಟ್ಟು ಹನ್ನೊಂದು ಹಲ್ಲುಚಕ್ರಗಳು. ಅಂದರೆ ಅವರ ಅತಿ ಹಗುರ ಗೇರು ಮುಂದೆ 34, ಹಿಂದೆ 28. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಒಂದೂಕಾಲು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗುತ್ತದೆ. ಮೊಣಕಾಲಿಗೆ ನೋವಾಗದ ಹಾಗೆ ನಿಮಿಷಕ್ಕೆ ಎಪ್ಪತ್ತು ಸುತ್ತು ತುಳಿಯಬೇಕು ಅಂದುಕೊಳ್ಳಿ. ಈ ಗೇರಿನಲ್ಲಿ ಹಾಗೆ ತುಳಿದರೆ ಗಂಟೆಗೆ ಸುಮಾರು 11 ಕಿಲೋಮೀಟರ್ ವೇಗ ಆಗುತ್ತದೆ. ಕಡಿದಾದ ಏರಿನಲ್ಲಿ ಆ ವೇಗ ಅರವತ್ತು ದಾಟಿದವರಿಗೆ ಬರುವುದಿಲ್ಲ. ಬರದಿದ್ದಾಗ ಏನಾಗುತ್ತದೆ? ಸುತ್ತು ಐವತ್ತಕ್ಕೆ, ನಲವತ್ತಕ್ಕೆ ಇಳಿಯುತ್ತದೆ. ಒಂದೊಂದು ಸುತ್ತಿಗೂ ಮೊಣಕಾಲಿನ ಮೇಲೆ ಭಾರ ಏರುತ್ತದೆ. ಹಿಂದೆ 34 ಹಲ್ಲಿನ ಚಕ್ರ ಇದ್ದರೆ ಅದೇ ಎಪ್ಪತ್ತು ಸುತ್ತಿಗೆ ಗಂಟೆಗೆ 9 ಕಿಲೋಮೀಟರ್ ಸಾಕು. ಎರಡೇ ಕಿಲೋಮೀಟರ್ ವ್ಯತ್ಯಾಸ. ತಲಕಾವೇರಿಗೆ ಹೋಗುವುದಕ್ಕೂ ಭಾಗಮಂಡಲದಿಂದ ತಿರುಗಿ ಬರುವುದಕ್ಕೂ ಇರುವ ವ್ಯತ್ಯಾಸವೂ ಅಷ್ಟೇ.

"ಹಾಗಾದರೆ ಅಪ್ಪನ ಮೊಣಕಾಲು ಚೆನ್ನಾಗಿದೆಯಾ?" ಅಂತ ಕೇಳಿದಳು. ನಾನು ಡಾಕ್ಟರ್ ಅಲ್ಲ, ನೋವು ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು ಅಂದೆ. ಆದರೆ ಗೇರು ಭಾರ ಇರುವುದು ನನಗೆ ಕಾಣುತ್ತಿತ್ತು. ಕೊಡಗಿನಲ್ಲಿ ಓಡುವ ಎಷ್ಟೋ ಸೈಕಲ್ಲುಗಳ ಗೇರು ಬಯಲಿಗೆ ಆಗುವಂಥದ್ದು. ಅಂಗಡಿಯಿಂದ ಹೇಗೆ ಬಂತೋ ಹಾಗೇ ಇರುತ್ತದೆ. ಏರು ಹತ್ತಲಾಗದೆ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ, ವಯಸ್ಸಾಯ್ತು ಅನ್ನುತ್ತಾರೆ.

ಇಲ್ಲೂ ಒಂದು ಅಳತೆ ಇದೆ. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್‌ನಲ್ಲಿ ಎರಡು ಪುಟ್ಟ ಗಾಲಿಗಳನ್ನು ಹಿಡಿದಿರುವ ಕೇಜ್ ಇರುತ್ತದೆ. ಅದು ಗಿಡ್ಡ ಇದ್ದರೆ ದೊಡ್ಡ ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಒಪ್ಪುವುದಿಲ್ಲ. ಅವರ ಸೈಕಲ್ಲಿನಲ್ಲಿದ್ದ ಶಿಮಾನೊ 105 ಗೇರಿನ ಆರ್7000 ಸಾಲಿನಲ್ಲಿ ಗಿಡ್ಡ ಕೇಜ್ 30 ಹಲ್ಲಿನವರೆಗೆ, ಉದ್ದ ಕೇಜ್ 34ರವರೆಗೆ. ಅವರದ್ದು ಉದ್ದ ಕೇಜೇ ಆಗಿತ್ತು. ಫೋಟೊದಲ್ಲಿ ಜಿಎಸ್ ಅನ್ನುವ ಗುರುತು ನೋಡಿ ನನಗೆ ಖುಷಿಯಾಯಿತು. ಇಲ್ಲದಿದ್ದರೆ ಡಿರೇಲರ್ ಖರ್ಚೂ ಸೇರುತ್ತಿತ್ತು.

ಕ್ಯಾಸೆಟ್ ದೊಡ್ಡದಾದರೆ ಚೈನೂ ಉದ್ದ ಬೇಕು. ಅವರ ಚೈನು ಹೇಗೂ ಸವೆದಿತ್ತು. ಇದನ್ನು ನೀವೂ ಮನೆಯಲ್ಲೇ ನೋಡಬಹುದು. ಚೈನಿನ ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ಅರ್ಧ ಇಂಚು. ಇಪ್ಪತ್ತನಾಲ್ಕು ಕೊಂಡಿಗೆ ಸರಿಯಾಗಿ ಹನ್ನೆರಡು ಇಂಚು ಇರಬೇಕು. ಮಕ್ಕಳ ಸ್ಟೀಲ್ ಸ್ಕೇಲ್ ಇಟ್ಟು ಪಿನ್ನಿನ ನಡುವಿನಿಂದ ಅಳೆಯಿರಿ. ಒಂದೂವರೆ ಎಂಎಂ ಜಾಸ್ತಿ ಬಂದರೆ ಶೇಕಡಾ 0.5 ಸವೆದಿದೆ ಅಂತ ಲೆಕ್ಕ. ಹನ್ನೊಂದು, ಹನ್ನೆರಡು ಸ್ಪೀಡಿನ ಚೈನನ್ನು ಅಷ್ಟಕ್ಕೇ ಬದಲಿಸಿದರೆ ಒಳ್ಳೆಯದು. ತಡ ಮಾಡಿದರೆ ಸವೆದ ಚೈನು ಕ್ಯಾಸೆಟ್ಟಿನ ಹಲ್ಲನ್ನೂ ತಿನ್ನುತ್ತದೆ, ಆಗ ಖರ್ಚು ಎರಡು ಮೂರು ಪಟ್ಟು. ಇದನ್ನೇ ಅಳೆಯಲು ಚೈನ್ ಚೆಕ್ಕರ್ ಅಂತ ಒಂದು ಪುಟ್ಟ ಉಪಕರಣ ಸಿಗುತ್ತದೆ. ತಮ್ಮ ಸೈಕಲ್ಲನ್ನು ತಾವೇ ನೋಡಿಕೊಳ್ಳುವವರಿಗೆ ಅದು ಬಹಳ ಇಷ್ಟವಾಗುತ್ತದೆ.

ಚೈನು ಕೊಡುವಾಗ ಸ್ಪೀಡ್ ತಪ್ಪಬಾರದು. ಹನ್ನೊಂದಕ್ಕೆ ಹನ್ನೊಂದರದ್ದೇ. ಹನ್ನೆರಡರಲ್ಲೂ ಶಿಮಾನೊದ್ದು ಒಂದು ಬಗೆ, ಇನ್ನೊಂದು ಕಂಪನಿಯಾದ ಸ್ರ್ಯಾಮ್‌ನ ಎಎಕ್ಸ್‌ಎಸ್ ರೋಡ್ ಗೇರಿನ ಫ್ಲಾಟ್‌ಟಾಪ್ ಚೈನ್ ಇನ್ನೊಂದು ಬಗೆ. ಚೈನ್ ಜೋಡಿಸುವ ಕ್ವಿಕ್ ಲಿಂಕಿಗೂ ಇದೇ ಮಾತು. ಎಣ್ಣೆ ಕೊಡುವುದಾದರೆ ಡಿಸೆಂಬರಿನಿಂದ ಮಾರ್ಚಿಗೆ ಡ್ರೈ ಲ್ಯೂಬ್ ಅಥವಾ ವ್ಯಾಕ್ಸ್, ಜೂನ್ ಮೇಲೆ ವೆಟ್ ಲ್ಯೂಬ್. ಮಳೆಗಾಲದಲ್ಲಿ ಡ್ರೈ ಲ್ಯೂಬ್ ಹಾಕಿ ಹೊರಟರೆ ನಾಪೋಕ್ಲು ತಲುಪುವ ಮುಂಚೆಯೇ ತೊಳೆದು ಹೋಗಿರುತ್ತದೆ.

ನಾಲ್ಕನೇ ಫೋಟೊ ಪೆಡಲ್ಲಿನದ್ದು, ಬೇಗ ಮುಗಿಯಿತು. ಪೆಡಲ್ಲಿಗೆ ಸಿಕ್ಕಿಸಲು ಶೂ ಅಡಿಗೆ ಹಾಕುವ ತುಂಡನ್ನು ಕ್ಲೀಟ್ ಅನ್ನುತ್ತಾರೆ. ಅಪ್ಪನ ಕ್ಲೀಟ್ ಹಳದಿ ಬಣ್ಣದ್ದು, ಶಿಮಾನೊ ಎಸ್‌ಪಿಡಿ-ಎಸ್‌ಎಲ್. ಹಳದಿಗೆ ಒಟ್ಟು ಆರು ಡಿಗ್ರಿ ಆಚೀಚೆ ಆಡುವ ಅವಕಾಶ ಇರುತ್ತದೆ, ನೀಲಿಗೆ ಎರಡು, ಕೆಂಪಿಗೆ ಏನೂ ಇಲ್ಲ. ಮೊಣಕಾಲಿನ ಮಾತು ಇದ್ದವರಿಗೆ ಹಳದಿಯೇ ಇರಲಿ. ಲುಕ್ ಕಂಪನಿಯ ಕ್ಲೀಟಿಗೂ ಮೂರೇ ತೂತು, ನೋಡಲು ಹತ್ತಿರ ಹತ್ತಿರ ಒಂದೇ ಥರ, ಆದರೆ ಶಿಮಾನೊ ಪೆಡಲ್ಲಿಗೆ ಕೂರುವುದಿಲ್ಲ. ಎಷ್ಟೋ ಮಂದಿ ಇಲ್ಲೇ ಏಮಾರುತ್ತಾರೆ.

ಸೀಟು ಕೊಡಬೇಡ ಅಂತ ಅವಳಿಗೆ ಗಟ್ಟಿಯಾಗಿಯೇ ಹೇಳಿದೆ. ಕೂತಾಗ ಭಾರ ಬೀಳುವ ಎರಡು ಎಲುಬುಗಳ ನಡುವಿನ ಅಂತರ ಒಬ್ಬೊಬ್ಬರಿಗೆ ಒಂದೊಂದು. ಅದಕ್ಕೆ ತಕ್ಕ ಅಗಲದ ಸೀಟು ಬೇಕು. ಮೆತ್ತಗಿದ್ದರೆ ಸುಖ ಅಂತ ಅಂದುಕೊಳ್ಳುತ್ತೇವೆ. ಮೂವತ್ತು ಕಿಲೋಮೀಟರ್ ಆದ ಮೇಲೆ ಮೆತ್ತನೆ ಸೀಟೇ ಜಾಸ್ತಿ ಕಾಟ ಕೊಡುತ್ತದೆ. ಶೂ, ಹೆಲ್ಮೆಟ್ ಕೂಡ ಹಾಗೇ, ಅವರನ್ನೇ ಕರೆದುಕೊಂಡು ಹೋಗಿ ಹಾಕಿ ನೋಡಿ ಕೊಡಿಸಿ. ಹೆಲ್ಮೆಟ್ ಒಳಗೆ ಇಎನ್ 1078 ಅಥವಾ ಸಿಪಿಎಸ್‌ಸಿ ಅನ್ನುವ ಸುರಕ್ಷತೆಯ ಗುರುತು ಇರಲಿ. ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಬಳಸಬಾರದು. ಒಳಗಿನ ಫೋಮ್ ಒಂದೇ ಸಲ ಪೆಟ್ಟು ತಡೆಯುತ್ತದೆ. ನಿಮ್ಮ ಮನೆಯವರು ಬಿದ್ದ ಹೆಲ್ಮೆಟ್ಟಿನಲ್ಲೇ ಓಡಾಡುತ್ತಿದ್ದರೆ ಈ ಹಬ್ಬಕ್ಕೆ ಬೇರೆ ಯೋಚನೆಯೇ ಬೇಡ.

ಅಳತೆಯ ತಲೆಬಿಸಿ ಅಷ್ಟಾಗಿ ಇಲ್ಲದ ಎರಡು ಉಡುಗೊರೆಗಳಿವೆ, ಎರಡೂ ನಮ್ಮ ಊರಿನ ಹವೆಗೆ ಸೇರಿದವು.

ಒಂದು, ತೋಳಿಲ್ಲದ ಗಾಳಿ ತಡೆಯುವ ಜಾಕೆಟ್. ಜಿಲೆ ಅನ್ನುತ್ತಾರೆ. ಡಿಸೆಂಬರಿನ ಬೆಳಿಗ್ಗೆ ಸಂಪಾಜೆಯಿಂದ ಹತ್ತಿ ಬಂದರೆ ಮೈಯೆಲ್ಲ ಬೆವರು. ಮಡಿಕೇರಿಯಲ್ಲಿ ಕಾಫಿ ಕುಡಿದು ಅದೇ ಒದ್ದೆ ಅಂಗಿಯಲ್ಲಿ ಸುಂಟಿಕೊಪ್ಪ ಕಡೆ ಇಳಿದರೆ ಎದೆಗೆ ಚಳಿ ಹೊಡೆಯುತ್ತದೆ, ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲು ಆಗುವುದಿಲ್ಲ. ಜಿಲೆ ಮುಂದೆ ಗಾಳಿ ತಡೆಯುತ್ತದೆ, ಬೆನ್ನಿನ ಜಾಲರಿಯಲ್ಲಿ ಬೆವರು ಆರುತ್ತದೆ. ಮಡಚಿದರೆ ಜೆರ್ಸಿಯ ಹಿಂದಿನ ಜೇಬಿಗೆ ಸೇರುತ್ತದೆ. ಹಿಂದೆ ಟೂರ್ ಡಿ ಫ್ರಾನ್ಸ್ ಸವಾರರು ಬೆಟ್ಟದ ತುದಿಯಲ್ಲಿ ನಿಂತ ಜನರಿಂದ ಪೇಪರ್ ಇಸಿದುಕೊಂಡು ಅಂಗಿಯೊಳಗೆ ತುರುಕಿ ಇಳಿಯುತ್ತಿದ್ದರು. ನಾನೂ ಎಷ್ಟೋ ಸಲ ಹೋಟೆಲಿನಲ್ಲಿ ಹಿಂದಿನ ದಿನದ 'ಶಕ್ತಿ' ಪತ್ರಿಕೆ ಕೇಳಿ ಹಾಗೆ ಮಾಡಿದ್ದೇನೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಇನ್ನೊಂದು, ಹಿಂದಿನ ಕೆಂಪು ಲೈಟು. ನಮ್ಮಲ್ಲಿ ಬೆಳಿಗ್ಗೆ ಏಳೂವರೆಗೂ ಮಂಜು ಇರುತ್ತದೆ. ಮುಂದಿನ ಲೈಟಿಗೆ ಜನ ಸಾವಿರಾರು ರೂಪಾಯಿ ಹಾಕುತ್ತಾರೆ. ಮಂಜಿನಲ್ಲಿ ಜೋರು ಬಿಳಿ ಬೆಳಕು ಹನಿಗೆ ತಾಗಿ ನಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಮುಂದಿನ ಲೈಟನ್ನು ಕೆಳಗೆ ಬಾಗಿಸಿ, ಕಡಿಮೆ ಬೆಳಕಿನಲ್ಲಿ ಇಟ್ಟರೆ ಸಾಕು. ಹಿಂದಿನಿಂದ ಬರುವ ಡ್ರೈವರಿಗೆ ನಾವು ಕಾಣುವುದು ಮುಖ್ಯ. ಹಗಲಲ್ಲೂ ಕಾಣುವಷ್ಟು ಜೋರಾಗಿ ಮಿನುಗುವ ಲೈಟು ಕೊಡಿ. ನೀರು ತಡೆಯುವ ಗುರುತು ನೋಡಿ: ಐಪಿಎಕ್ಸ್4 ಎಂದರೆ ಸಿಡಿಯುವ ನೀರು ತಡೆಯುತ್ತದೆ, ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಆದೀತು. ಕೊಡಗಿನ ಜುಲೈಗೆ 7 ಇದ್ದರೆ ನೆಮ್ಮದಿ. ಹಾಗಂತ ಲೈಟ್ ಇದೆ ಅಂತ ಸಿದ್ದಾಪುರ, ತಿತಿಮತಿ ಕಡೆ ಬೆಳಕು ಹರಿಯುವ ಮುಂಚೆ ಹೋಗಬೇಡಿ. ಆನೆ ತೋಟದಿಂದ ತೋಟಕ್ಕೆ ದಾಟುವ ಹೊತ್ತು ಅದು.

ಜೇಬು ಗಟ್ಟಿ ಇದ್ದವರು ಮನೆಯೊಳಗೆ ತುಳಿಯುವ ಟ್ರೈನರ್ ಕೊಡಬಹುದು. ಜೂನ್‌ನಿಂದ ಸೆಪ್ಟೆಂಬರ್ ನಮ್ಮಲ್ಲಿ ಹೊರಗೆ ತುಳಿಯುವ ಹಾಗಿಲ್ಲ, ನಾಲ್ಕು ತಿಂಗಳು ಕೂತರೆ ಕಾಲಿನ ಕಸುವು ಹೋಗುತ್ತದೆ. ಆದರೆ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ ಅಲ್ವಾ? ಹಳ್ಳಿ ಮನೆಗಳಿಗೆ ಕರೆಂಟಿಲ್ಲದೆ ನಡೆಯುವ ಮ್ಯಾಗ್ನೆಟಿಕ್ ಅಥವಾ ಫ್ಲೂಯಿಡ್ ಟ್ರೈನರೇ ಸರಿ. ಅದಕ್ಕೂ ಚಕ್ರದ ಗಾತ್ರ, ಆಕ್ಸಲ್ ಯಾವುದು ಅಂತ ನೋಡಿಯೇ ಕೊಳ್ಳಿ.

ದೂರ ಹೋಗುವ ಹುಚ್ಚು ಇರುವವರಿಗೆ ಬ್ರೆವೆಯ, ಅಂದರೆ ಗೊತ್ತಾದ ಗಂಟೆಯೊಳಗೆ ಮುಗಿಸುವ ದೂರದ ಸವಾರಿಯ, ಪ್ರವೇಶ ಶುಲ್ಕ ಕಟ್ಟಿಕೊಡಿ. ಇವನ್ನು ನಡೆಸುವ ಆಡಾಕ್ಸ್ ಇಂಡಿಯಾ ನಿಯಮದಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ ಇಪ್ಪತ್ತು, 400ಕ್ಕೆ ಇಪ್ಪತ್ತೇಳು, 600ಕ್ಕೆ ನಲವತ್ತು ಗಂಟೆ. ಇದೇ ಬಗೆಯ ಸವಾರಿ, ಫ್ರಾನ್ಸಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1,200 ಕಿಲೋಮೀಟರಿನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ 2023ರಲ್ಲಿ ನಡೆಯಿತು. ಅದರ ಮುಂದಿನ ಸರದಿ 2027. ರಾತ್ರಿ ಸವಾರಿಗೆ ಹೊಳೆಯುವ ಪಟ್ಟಿ ಇರುವ ಅಂಗಿ ಕಡ್ಡಾಯ. ಅದನ್ನೂ ಜೊತೆಗೆ ಕೊಟ್ಟರೆ ಚೆನ್ನ. ತಿನ್ನಲು ಜೆಲ್ ಪ್ಯಾಕೆಟ್ ಹುಡುಕುವ ಅಗತ್ಯ ಇಲ್ಲ. ಹುತ್ತರಿಗೆ ಮನೆಯಲ್ಲೇ ತಂಬುಟ್ಟು ಮಾಡುತ್ತಾರಲ್ಲ, ಮಾಗಿದ ಬಾಳೆಹಣ್ಣು, ಹುರಿದ ಅಕ್ಕಿ ಪುಡಿ. ಗಟ್ಟಿ ಉಂಡೆ ಕಟ್ಟಿ ಬಾಳೆಎಲೆಯಲ್ಲಿ ಸುತ್ತಿ ಜೇಬಿಗೆ ಹಾಕಿದರೆ ಅದಕ್ಕಿಂತ ಒಳ್ಳೆ ಸವಾರಿ ತಿಂಡಿ ನಾನು ಕಂಡಿಲ್ಲ.

ಹುಡುಗಿ ಕೊನೆಗೆ 11ರಿಂದ 34 ಹಲ್ಲಿನವರೆಗಿನ 11-34 ಕ್ಯಾಸೆಟ್, ಹೊಸ ಚೈನು, ಎರಡು ಜೊತೆ ಬ್ರೇಕ್ ಪ್ಯಾಡು ತೆಗೆದುಕೊಂಡಳು. ಸೀಟಿನ ದುಡ್ಡಿಗಿಂತ ಸ್ವಲ್ಪ ಜಾಸ್ತಿ ಆಯಿತು. ಹುತ್ತರಿಯ ಮರುದಿನ ಅಪ್ಪನೇ ಜೀಪಿನ ಹಿಂದೆ ಸೈಕಲ್ ಹಾಕಿಕೊಂಡು ಬಂದರು. ನಾನು ಹಳೆ ಪ್ಯಾಡು ಬಿಚ್ಚಿ ಅವರ ಅಂಗೈಗೆ ಇಟ್ಟೆ. ಬೆಳಕಿಗೆ ಹಿಡಿದು, ಮಿನುಗುವ ಚುಕ್ಕೆಗಳನ್ನು ಉಗುರಿನಿಂದ ಕೆರೆದು ನೋಡಿದರು. "ಇದರಲ್ಲೇ ಮೊನ್ನೆ ಸಂಪಾಜೆ ಇಳಿದು ಬಂದೆ" ಅಂದರು. ಕ್ಯಾಸೆಟ್ ಹಾಕಿ, ಗೇರು ಹೊಂದಿಸಿ, ಸ್ಟ್ಯಾಂಡಿನ ಮೇಲೆಯೇ ಪೆಡಲ್ ತಿರುಗಿಸಲು ಹೇಳಿದೆ. 34ಕ್ಕೆ ಬಂದಾಗ ಪೆಡಲ್ಲು, ಚಕ್ರ ಎರಡೂ ಒಂದೇ ಲೆಕ್ಕದಲ್ಲಿ ಸುತ್ತಿದವು. ಅವರು ಕೈ ತೆಗೆಯದೆ ಸುಮಾರು ಹೊತ್ತು ತಿರುಗಿಸುತ್ತಲೇ ಇದ್ದರು.

ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ಆ ಹುಡುಗಿಯಿಂದ ನನ್ನ ಫೋನಿಗೆ ಒಂದು ಫೋಟೊ ಬಂತು. ತಲಕಾವೇರಿ ಮೆಟ್ಟಿಲ ಬುಡದಲ್ಲಿ ಗೋಡೆಗೆ ಒರಗಿಸಿದ ಸೈಕಲ್ಲು.